ಸಹಾಯ ಬೇಕು: ಕುದುರೆಗೆ ದಿಢೀರ್ ಕುಂಟು, ಮೊಳೆ ಗಾಯವೋ ಮೂಳೆ ಬಿರುಕೋ?

ಮೈಸೂರಿನ ಟಾಂಗಾ ಕುದುರೆ, ಕಾಠಿಯಾವಾಡಿ ತಳಿಯ ಹೆಣ್ಣು, 8 ವರ್ಷ. ನಿನ್ನೆ ಸಂಜೆ ಚೆನ್ನಾಗಿತ್ತು. ಬೆಳಿಗ್ಗೆಯಿಂದ ಎಡ ಮುಂಗಾಲು ಊರುತ್ತಿಲ್ಲ, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಲ್ಲುತ್ತಿದೆ. ಹೋದ ವಾರ ಲಾಳ ಹೊಡೆಸಿದ್ದು.

ಮೊಣಕಾಲಿನಿಂದ ಗಿಣ್ಣಿನವರೆಗೆ ಟೆಂಡನ್ (ಸ್ನಾಯುರಜ್ಜು) ತಣ್ಣಗಿದೆ, ಊತವಿಲ್ಲ. ಗೊರಸು ಬಿಸಿ. ಗಿಣ್ಣಿನ ಹಿಂಬದಿ ಎರಡೂ ಪಕ್ಕ ಬೆರಳಿಟ್ಟರೆ ನಾಡಿ ಜೋರಾಗಿ ಬಡಿಯುತ್ತಿದೆ. ಬಲಗಾಲಲ್ಲಿ ಅದು ಹುಡುಕಿದರೂ ಸಿಗುವುದು ಕಷ್ಟ. ಒಂದೇ ಕಾಲಾದ್ದರಿಂದ ಲ್ಯಾಮಿನೈಟಿಸ್ (ಗೊರಸಿನ ಒಳಪದರದ ಉರಿಯೂತ, ಸಾಮಾನ್ಯವಾಗಿ ಎರಡೂ ಮುಂಗಾಲಿಗೆ ಬರುವಂಥದ್ದು) ಅನುಮಾನ ಕಡಿಮೆ. ಮೈಬಿಸಿ 100.5 ಫ್ಯಾರನ್‌ಹೀಟ್. ಮೊಳೆಗಳನ್ನು ಒಂದೊಂದಾಗಿ ಕಿತ್ತಾಗ ಹೊರಬದಿಯ ಮೂರನೆಯದು ಒದ್ದೆಯಾಗಿ, ಕಪ್ಪಗೆ, ನಾತ ಹೊಡೆಯುತ್ತಿತ್ತು. ಹೂಫ್ ಟೆಸ್ಟರ್‌ನಿಂದ (ಗೊರಸು ಒತ್ತಿ ನೋವು ಹುಡುಕುವ ಇಕ್ಕಳ) ಅಲ್ಲೇ ಒತ್ತಿದರೆ ಕಾಲು ಕಿತ್ತುಕೊಳ್ಳುತ್ತದೆ.

ಬೆಚ್ಚನೆ ನೀರಿಗೆ ಎಪ್ಸಮ್ ಉಪ್ಪು ಹಾಕಿ 20 ನಿಮಿಷ ಅದ್ದಿ, ಪೋಲ್ಟೀಸ್ (ಕೀವು ಎಳೆಯುವ ಒದ್ದೆ ಪಟ್ಟು) ಕಟ್ಟಿದೆ. ಧನುರ್ವಾಯು ಚುಚ್ಚುಮದ್ದು ಆಗಿದೆ. ನೋವಿನ ಔಷಧಿ ಇನ್ನೂ ಕೊಟ್ಟಿಲ್ಲ. ವೈದ್ಯರು ಪರೀಕ್ಷಿಸುವಾಗ ನೋವಿನ ಜಾಗ ಸ್ಪಷ್ಟವಾಗಿ ಸಿಗಬೇಕು.

ಮೊಳೆ ತೂತಿನ ಜಾಡು ಹಿಡಿದು ಅಂಗಾಲಿನಿಂದ ಕೀವು ಇಳಿಸಬಲ್ಲ ಕುದುರೆ ವೈದ್ಯರು ಬೇಕು. ಅಂದಾಜಿನಲ್ಲಿ ಕೆತ್ತುವವರು ದಯವಿಟ್ಟು ಬೇಡ: ತೂತು ದೊಡ್ಡದಾದರೆ ಒಳಮಾಂಸ ಹೊರಚಾಚಿ, ಗುಣವಾಗಲು ವಾರಗಳೇ ಹಿಡಿಯುತ್ತವೆ. ಕೀವು ಇಳಿದ ಮೇಲೂ 48 ಗಂಟೆಯಲ್ಲಿ ಕುಂಟು ತಗ್ಗದಿದ್ದರೆ ಗೊರಸಿನೊಳಗಿನ ಮೂಳೆಯ ಎಕ್ಸ್‌ರೇ ಆಗಲೇಬೇಕು. ಲಾಯಕ್ಕೇ ಯಂತ್ರ ತರುವವರು ಗೊತ್ತಿದ್ದರೆ ಇವತ್ತೇ ತಿಳಿಸಿ.