ಬೆಲ್ಲ ತಿನ್ನಿಸಿದರೆ ಹಾಲಿನ ಸಕ್ಕರೆ ಹೆಚ್ಚುವುದೇ?

ಪ್ರಶ್ನೆ (ಮಂಡ್ಯ ಜಿಲ್ಲೆಯ ಹೈನುಗಾರರು): ಡಾಕ್ಟರಿಗೆ ನಮಸ್ಕಾರ. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಕರು ಹಾಕಲು ಇನ್ನು ಹತ್ತು ಹನ್ನೆರಡು ದಿನಗಳಿವೆ. ಕೆಚ್ಚಲು ತುಂಬಿ ಬಿಗಿದಿದೆ, ಆದರೆ ಎರಡು ಹನಿ ಹಿಂಡಿ ನೋಡಿದಾಗ ಜೇನಿನಂತೆ ಅಂಟಾದ ರಸ ಬಂದಿತೇ ಹೊರತು ಹಾಲು ಬರಲಿಲ್ಲ. ಈಗಿನಿಂದಲೇ ದಿನಕ್ಕೆ ಒಂದು ಕೆ.ಜಿ. ಬೆಲ್ಲ ಕೊಟ್ಟರೆ ಹಾಲಿನ ಸಿಹಿಯೂ ಅಳತೆಯೂ ಹೆಚ್ಚುತ್ತವೆ ಎಂದು ನೆರೆಯವರು ಹೇಳುತ್ತಾರೆ. ಹುಲ್ಲು ತಿನ್ನುವ ಹಸುವಿನ ಹಾಲಿಗೆ ಸಕ್ಕರೆ ಬರುವುದಾದರೂ ಎಲ್ಲಿಂದ?

ಉತ್ತರ (ಪಶುವೈದ್ಯರು): ಮೊದಲಿಗೆ ಒಂದು ವಿನಂತಿ. ಕರು ಹಾಕುವ ಮುನ್ನ ಮೊಲೆತೊಟ್ಟನ್ನು ಹಿಂಡಿ ನೋಡಬೇಡಿ. ತೊಟ್ಟಿನ ತುದಿಯನ್ನು ಮುಚ್ಚಿರುವ ಮೇಣದಂಥ ಬಿರಡೆ ಕಿತ್ತುಬಂದರೆ ಕೆಚ್ಚಲು ಬಾವಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮೇವಿನಲ್ಲಿಲ್ಲ. ಅದನ್ನು ಕೆಚ್ಚಲಿನ ಜೀವಕೋಶಗಳೇ ತಯಾರಿಸುತ್ತವೆ. ಅವು ರಕ್ತದಿಂದ ಗ್ಲೂಕೋಸನ್ನು ಎಳೆದುಕೊಂಡು, ಅದರ ಒಂದು ಪಾಲನ್ನು ಗ್ಯಾಲಕ್ಟೋಸ್ ಆಗಿ ಮಾರ್ಪಡಿಸಿ, ಗಾಲ್ಗಿ ಎಂಬ ಪುಟ್ಟ ಚೀಲಗಳೊಳಗೆ ಎರಡನ್ನೂ ಬೆಸೆಯುತ್ತವೆ. ಬೆಸೆಯುವ ಕಿಣ್ವ ಬೇರೆ ಅಂಗಗಳಲ್ಲಿಯೂ ಇದೆ, ಆದರೆ ಅಲ್ಲಿ ಅದು ಪ್ರೋಟೀನುಗಳಿಗೆ ಗ್ಯಾಲಕ್ಟೋಸ್ ಜೋಡಿಸುವ ಕೆಲಸದಲ್ಲಿರುತ್ತದೆ. ಅದನ್ನು ಗ್ಲೂಕೋಸಿನ ಕಡೆಗೆ ತಿರುಗಿಸುವುದು ಆಲ್ಫಾ-ಲ್ಯಾಕ್ಟಾಲ್ಬುಮಿನ್ ಎಂಬ ಹಾಲಿನ ಪ್ರೋಟೀನು. ವಿಜ್ಞಾನಿಗಳಾದ ಎಬ್ನರ್, ಬ್ರಾಡ್‌ಬೆಕ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಈ ಜೋಡಿಯನ್ನು ಗುರುತಿಸಿದರು. ಹಾಲಿನಲ್ಲಿ ಕಂಡುಬರುವ ಸಾಮಾನ್ಯ ಪ್ರೋಟೀನೊಂದು ಒಂದು ಕಿಣ್ವದ ಕೆಲಸವನ್ನೇ ಬದಲಿಸುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಗಬ್ಬದ ಅವಧಿಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಈ ಪ್ರೋಟೀನಿನ ತಯಾರಿಕೆಯನ್ನು ತಡೆಹಿಡಿದಿರುತ್ತದೆ. ಕರು ಹಾಕುವ ಒಂದೆರಡು ದಿನ ಮೊದಲು ಪ್ರೊಜೆಸ್ಟರಾನ್ ಕುಸಿದು, ಹಾಲು ಉತ್ಪಾದನೆಗೆ ಪ್ರಚೋದಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿದಾಗ ತಡೆ ತೆರವಾಗುತ್ತದೆ. ಬೆಸೆದ ಲ್ಯಾಕ್ಟೋಸ್ ಆ ಚೀಲದ ಪೊರೆಯನ್ನು ದಾಟಿ ಹೊರಹೋಗಲಾರದು. ಆದ್ದರಿಂದ ಅದು ನೀರನ್ನು ಒಳಗೆ ಸೆಳೆಯುತ್ತದೆ, ಆ ನೀರೇ ಹಾಲಿನ ಪ್ರಮಾಣವಾಗುತ್ತದೆ. ನೀವು ಕಂಡ ರಸ ಅಂಟಾಗಿದ್ದುದಕ್ಕೆ ಕಾರಣವೂ ಇದೇ: ಅದು ಕರುವಿಗೆ ಬೇಕಾದ ರೋಗನಿರೋಧಕ ಪ್ರೋಟೀನುಗಳು ತುಂಬಿರುವ ಗಿಣ್ಣು, ಅದರಲ್ಲಿ ಸಕ್ಕರೆ ಕಡಿಮೆ, ಹಾಗಾಗಿ ನೀರೂ ಕಡಿಮೆ. ಡೇರಿಯಲ್ಲಿ ಫ್ಯಾಟ್ ದಿನದಿಂದ ದಿನಕ್ಕೆ ಏರಿಳಿದರೂ ಲ್ಯಾಕ್ಟೋಸ್ ಶೇಕಡಾ 4.8ರ ಆಸುಪಾಸಿನಲ್ಲೇ ನಿಲ್ಲುವುದು ಇದರಿಂದಲೇ. ಸಕ್ಕರೆ ಹೆಚ್ಚಿದರೆ ಲೀಟರು ಹೆಚ್ಚುತ್ತದೆ, ಸಿಹಿ ಹೆಚ್ಚುವುದಿಲ್ಲ.

ಒಂದು ಲೀಟರ್ ಹಾಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು, ಅಂದರೆ ಇಪ್ಪತ್ತು ಲೀಟರಿಗೆ ಹತ್ತಿರಹತ್ತಿರ ಒಂದೂವರೆ ಕೆ.ಜಿ. ಆದರೆ ತಿನ್ನಿಸಿದ ಬೆಲ್ಲ ನೇರವಾಗಿ ರಕ್ತ ಸೇರುವುದಿಲ್ಲ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿಬಿಡುತ್ತವೆ. ಮೇವು ಮತ್ತು ಕಾಳು ಹುದುಗಿದಾಗ ಹುಟ್ಟುವ ಪ್ರೊಪಿಯೋನಿಕ್ ಆಮ್ಲದಿಂದ ಪಿತ್ತಜನಕಾಂಗವು ಗ್ಲೂಕೋಸನ್ನು ತಯಾರಿಸುತ್ತದೆ. ಒಮ್ಮೆಲೇ ಕೆ.ಜಿ.ಗಟ್ಟಲೆ ಬೆಲ್ಲ ಕೊಟ್ಟರೆ ಹೊಟ್ಟೆಯಲ್ಲಿ ಹುಳಿ ಏರಿ ಹಸು ಮೇವು ಬಿಡುತ್ತದೆ. ಅದರ ಬದಲು ಹಸಿಮೇವಿನ ಜೊತೆಗೆ ಮುಸುಕಿನ ಜೋಳದ ನುಚ್ಚನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಬನ್ನಿ.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ನನ್ನ ಸೊಸೆಗೆ ಹೆರಿಗೆಯಾದ ಮೂರನೆಯ ದಿನವಷ್ಟೇ ಎದೆಹಾಲು ತುಂಬಿ ಬಂದಿತು. ಅದಕ್ಕೂ ಇದೇ ಕಾರಣವೇ ಡಾಕ್ಟರೇ?

ಉತ್ತರ: ಹೌದು ತಾಯಿ. ಮನುಷ್ಯರಲ್ಲಿ ಪ್ರೊಜೆಸ್ಟರಾನ್ ಮುಖ್ಯವಾಗಿ ಮಾಸಿನಿಂದಲೇ ಬರುವುದರಿಂದ, ಮಾಸು ಬಿದ್ದ ಮೇಲೆಯೇ ಅದು ಇಳಿಯುತ್ತದೆ. ಹಾಲು ತುಂಬುವುದು ಎರಡರಿಂದ ನಾಲ್ಕನೆಯ ದಿನದೊಳಗೆ. ಅಲ್ಲಿಯವರೆಗೆ ಬರುವ ಚಮಚದಷ್ಟು ಹಳದಿ ಹಾಲನ್ನು ದಯವಿಟ್ಟು ಯಾರೂ ಚೆಲ್ಲಿಸಬೇಡಿ. ತುಂಬಿ ಬಂದ ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಸುಮಾರು ಶೇಕಡಾ 7ರಷ್ಟಿರುತ್ತದೆ. ನಾಲ್ಕು ದಿನ ಕಳೆದರೂ ಹಾಲು ಬಾರದಿದ್ದರೆ ಹೆರಿಗೆ ವೈದ್ಯರನ್ನು ಕಾಣಲೇಬೇಕು. ಮಾಸಿನ ಚೂರು ಒಳಗೆ ಉಳಿದಿದ್ದರೂ ಹೀಗಾಗುತ್ತದೆ.

ಪ್ರಶ್ನೆ (ಮೊದಲ ಹೈನುಗಾರರು): ಕಳೆದ ಸೂಲಿನಲ್ಲಿ ಒಂದು ಮೊಲೆಯ ಹಾಲು ಮಾತ್ರ ಉಪ್ಪುಪ್ಪಾಗಿತ್ತು. ಅದೇಕೆ?

ಉತ್ತರ: ಅದು ಕೆಚ್ಚಲು ಬಾವಿನ ಲಕ್ಷಣ. ಸೋಂಕಿನಿಂದ ಜೀವಕೋಶಗಳ ನಡುವಿನ ಬಿಗಿ ಸಡಿಲವಾಗಿ, ಲ್ಯಾಕ್ಟೋಸ್ ರಕ್ತಕ್ಕೆ ಸೋರಿ, ರಕ್ತದ ಉಪ್ಪು ಹಾಲಿಗೆ ಇಳಿಯುತ್ತದೆ. ಈ ಸಲ ಕರು ಹಾಕಿದ ಮೇಲೆ ಪ್ರತಿ ಮೊಲೆಯ ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ, ಚೂರು ಅಥವಾ ಗರಣೆ ಕಂಡರೆ ಅದೇ ದಿನ ನಿಮ್ಮ ಊರಿನ ಪಶುವೈದ್ಯರಿಗೆ ತೋರಿಸಿ.