ಇರುವ ನಿಕಾನ್ ಲೆನ್ಸ್‌ಗಳಿಗೆ ಯಾವ ಹಳೇ ಫಿಲ್ಮ್ ಬಾಡಿ?

ಪ್ರಶ್ನೆ, ಸರಸ್ವತಿಪುರಂನಿಂದ: ನನ್ನ ಹತ್ತಿರ ನಿಕಾನ್ ಡಿಜಿಟಲ್ ಕ್ಯಾಮೆರಾ ಇದೆ. ಲೆನ್ಸ್ ಮೂರು: ಎಎಫ್-ಪಿ ಡಿಎಕ್ಸ್ 18-55, ಎಎಫ್-ಎಸ್ 50 ಎಂಎಂ ಎಫ್/1.8ಜಿ, ಸೋದರಮಾವ ಕೊಟ್ಟ ಹಳೇ 105 ಎಂಎಂ ಎಫ್/2.5. ಸೆಕೆಂಡ್ ಹ್ಯಾಂಡ್ ನಿಕಾನ್ ಎಫ್‌ಎಂ2 ಫಿಲ್ಮ್ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಸಿಗ್ತಿದೆ. ಮೂರೂ ಹಾಕಬಹುದಾ? ತಿಳಿದವರು ಹೇಳಿ.

ಕುವೆಂಪುನಗರ: ಎಫ್‌ಎಂ2 ಗಟ್ಟಿ ಬಾಡಿ, ಆದರೆ ನಿಮ್ಮ 50ಕ್ಕೆ ಒಗ್ಗಲ್ಲ. ಎಫ್ ಮೌಂಟ್ (ನಿಕಾನ್ ಬಾಡಿಯಲ್ಲಿ ಲೆನ್ಸ್ ಕೂರೋ ಬಾಯಿ) 1959ರಿಂದ ಒಂದೇ ಆಕಾರ, ಹಾಗಾಗಿ ಲೆನ್ಸ್ ಕೂತುಕೊಳ್ಳುತ್ತೆ. ಕೂತಿದ್ದೆಲ್ಲ ಕೆಲಸ ಮಾಡಲ್ಲ. ನಿಮ್ಮ 50ರಂಥ 'ಜಿ' ಲೆನ್ಸಿಗೆ ಬೆಳಕಿನ ತೂತನ್ನು ಹಿಗ್ಗಿಸಿ ಕುಗ್ಗಿಸೋ ಅಪರ್ಚರ್ ರಿಂಗೇ ಇಲ್ಲ. ಕಳಚಿ ಹಿಂಭಾಗ ನೋಡಿ, ಸಣ್ಣ ಲೋಹದ ಕಡ್ಡಿ ಬೆರಳಿಗೆ ಸಿಗುತ್ತೆ. ತಳ್ಳಿದರೆ ಬ್ಲೇಡುಗಳು ತೆರೆದುಕೊಳ್ಳುತ್ತವೆ, ಬಿಟ್ಟರೆ ಎಫ್/16ರ ಚಿಕ್ಕ ತೂತಿಗೆ ಬಂದು ನಿಲ್ಲುತ್ತವೆ. ಎಲ್ಲಿ ತಡೀಬೇಕು ಅಂತ ಹಳೇ ಲೆನ್ಸಲ್ಲಿ ರಿಂಗ್ ತೀರ್ಮಾನಿಸುತ್ತೆ. ಎಫ್‌ಎಂ2 ಶಟರ್ ಒತ್ತಿದಾಗ ಕಡ್ಡಿಯನ್ನು ಪೂರ್ತಿ ಬಿಟ್ಟುಬಿಡೋದರಿಂದ ಪ್ರತಿ ಫ್ರೇಮೂ ಎಫ್/16ರಲ್ಲೇ. ವ್ಯೂಫೈಂಡರ್ ಮಾತ್ರ ಬೆಳಕಾಗೇ ಕಾಣುತ್ತೆ, ರೋಲ್ ಡೆವಲಪ್ ಆದ ಮೇಲೇ ಗೊತ್ತಾಗೋದು.

18-55 ಮರೆತುಬಿಡಿ. ಡಿಎಕ್ಸ್ ಲೆನ್ಸ್ ಚಿಕ್ಕ ಡಿಜಿಟಲ್ ಸೆನ್ಸರ್‌ಗೆ ಮಾಡಿದ್ದು, ಅದರ ಬಿಂಬ 35 ಎಂಎಂ ಫ್ರೇಮಿನ ಮೂಲೆ ಮುಟ್ಟಲ್ಲ, ಎಎಫ್-ಪಿ ಮೋಟಾರ್ ಫಿಲ್ಮ್ ಬಾಡಿಗಳಲ್ಲಿ ಫೋಕಸ್ಸೂ ಆಗಲ್ಲ.

ಮಂಡ್ಯ: 50 ಮುಖ್ಯ ಅಂದ್ರೆ ನಿಕಾನಿನದೇ ಫಿಲ್ಮ್ ಬಾಡಿ ಎಫ್100 ಅಥವಾ ಎಫ್80 ನೋಡಿ. ಆಟೋಫೋಕಸ್ ಇರುತ್ತೆ, ಅಪರ್ಚರ್ ಮುಂದಿನ ಡಯಲ್‌ನಲ್ಲಿ ತಿರುಗಿಸಬಹುದು. ಎಫ್90 ಅಗ್ಗಕ್ಕೆ ಕಣ್ಣಿಗೆ ಬೀಳುತ್ತೆ, ಆದರೆ 'ಜಿ' ಲೆನ್ಸಿಗೆ ಅದರಲ್ಲಿ ಪಿ ಮತ್ತು ಎಸ್ ಮೋಡ್ (ಅಪರ್ಚರ್ ಬಾಡಿಯೇ ಆರಿಸೋದು) ಮಾತ್ರ.

105 ಹಾಕೋ ಮುಂಚೆ ಅಪರ್ಚರ್ ರಿಂಗಿನ ಹಿಂಬದಿ ಅಂಚು ನೋಡಿ ಸರ್. ಮೆಟ್ಟಿಲಿನ ಹಾಗೆ ಕತ್ತರಿಸಿದ್ದರೆ ಅದು 'ಎಐ' ಲೆನ್ಸ್, ಅಂದ್ರೆ ಅಪರ್ಚರ್ ಎಷ್ಟಿದೆ ಅಂತ ಆ ಅಂಚಿನಿಂದ ಬಾಡಿಗೆ ತಿಳಿಸೋದು (1977ರಿಂದ ಬಂದದ್ದು, ಇಲ್ಲವೇ ಆಮೇಲೆ ಬದಲಿಸಿದ್ದು), ಎಫ್100ರಲ್ಲಿ ಎ ಮತ್ತು ಎಂ ಮೋಡಲ್ಲಿ (ಅಪರ್ಚರ್ ನೀವೇ ಇಡೋದು) ಬೆಳಕಿನ ಮೀಟರ್ ಸಮೇತ ನಡೆಯುತ್ತೆ. ಎಫ್80ಯಲ್ಲಿ ಮೀಟರ್ ಓಡಲ್ಲ. ಅಂಚು ಸುತ್ತಲೂ ಸಮವಾಗಿದ್ದರೆ ಎರಡಕ್ಕೂ ಹಾಕಲೇಬೇಡಿ, ರಿಂಗಿಗೆ ತಾಗೋ ಬಾಡಿಯ ಪುಟ್ಟ ಟ್ಯಾಬ್ ಮುರಿಯಬಹುದು.

ಸರಸ್ವತಿಪುರಂ: ಅಂಚು ಸಮವಾಗೇ ಇದೆ. ಮೇಲಿನ ಲೋಹದ ಕಿವಿಯಲ್ಲೂ ತೂತಿಲ್ಲ.

ಮಂಡ್ಯ: ಹಾಗಾದ್ರೆ ನಾನ್-ಎಐ. ಎಫ್‌ಎಂ2ಗೂ ಆಗಲ್ಲ. ಮೊದಲಿನ ಎಫ್‌ಎಂ, ಎಫ್‌ಇ ಎರಡರಲ್ಲೂ ಟ್ಯಾಬ್ ಮೇಲಕ್ಕೆ ಮಡಚುತ್ತೆ, ಅವಕ್ಕೆ ಹಾಕಬಹುದು. ನನ್ನ ಮಾತು ಕೇಳೋದಾದ್ರೆ ಎಫ್100 ತಗೊಳ್ಳಿ, 105ರ ರಿಂಗನ್ನು ಲೆನ್ಸ್ ರಿಪೇರಿ ಬಲ್ಲವರ ಹತ್ತಿರ ಎಐಗೆ ಬದಲಾಯಿಸಿಕೊಳ್ಳಿ. ಮನೇಲಿ ಅರ ಹಿಡಿದು ಉಜ್ಜೋದು ಬೇಡ, ಲೋಹದ ಪುಡಿ ಹೆಲಿಕಾಯ್ಡ್‌ಗೆ (ಫೋಕಸ್ ತಿರುಗೋ ಸುರುಳಿ ಎಳೆ) ಸೇರುತ್ತೆ.

ಶ್ರೀರಂಗಪಟ್ಟಣ: ಎಫ್100 ನೋಡೋಕೆ ಹೋಗುವಾಗ ನಾಲ್ಕು ಹೊಸ ಎಎ ಸೆಲ್, ಹಾಳಾದ ಫಿಲ್ಮ್ ರೋಲ್ ಒಂದು, ನಿಮ್ಮ 50, ಡಿಜಿಟಲ್ ಕ್ಯಾಮೆರಾ, ಎಲ್ಲ ಒಯ್ಯಿರಿ. ಸೆಲ್ ಕೂರೋ ಹೋಲ್ಡರ್ ಎಂಎಸ್-12 ಇದೆಯಾ ಕೇಳಿ, ಎಷ್ಟೋ ಬಾಡಿಗಳ ಜೊತೆ ಅದೇ ಇರಲ್ಲ. ಅದರ ಲೋಹದ ತುದಿಗಳಲ್ಲಿ ಹಸಿರು ಕಿಲುಬು ಇರಬಾರದು.

ಹಿಂದಿನ ಬಾಗಿಲು ತೆಗೆದು ರಿವೈಂಡ್ ಫೋರ್ಕ್ ನೋಡಿ. ರೋಲಿನ ತಲೆಗೆ ಸಿಕ್ಕಿಕೊಳ್ಳೋ ಎರಡು ಪುಟ್ಟ ಹಲ್ಲು ಅದು. ಮೊದಲ ತಯಾರಿಕೆಯಲ್ಲಿ ಪ್ಲಾಸ್ಟಿಕ್, ಬಿರುಕು ಬಿಡುತ್ತೆ. ಬಾಗಿಲ ಚಿಲಕವೂ ಸವೆಯುತ್ತೆ, ಎರಡು ಮೂರು ಸಲ ಹಾಕಿ ತೆಗೆಯಿರಿ. ಹಾಳು ರೋಲನ್ನು ಕೊನೇವರೆಗೂ ಓಡಿಸಿ, ರಿವೈಂಡ್ ಮಾಡಿಸಿ. ಆಮೇಲೆ ಬಾಗಿಲು ತೆರೆದಿಟ್ಟು ಲೆನ್ಸ್ ಇಲ್ಲದೆ ಬಾನಿನ ಕಡೆ ಹಿಡಿದು 1/1000ರಲ್ಲಿ ಕ್ಲಿಕ್ ಮಾಡಿ. ಫ್ರೇಮ್ ಪೂರ್ತಿ ಬೆಳಗಬೇಕು, ಒಂದು ಅಂಚು ಕಪ್ಪಾದರೆ ಶಟರ್ ಪರದೆ ಹಿಂದೆ ಬೀಳ್ತಿದೆ. ಎಲ್‌ಇಡಿ ದೀಪದ ಎದುರು ಈ ಪರೀಕ್ಷೆ ಬೇಡ, ಮಿನುಗು ಮೋಸ ಮಾಡುತ್ತೆ. ಪರದೆ ಬ್ಲೇಡಿಗೆ ಬೆರಳು ತಾಗಿಸಬೇಡಿ. ಹಿಡಿಯ ರಬ್ಬರ್ ಅಂಟಂಟಾಗಿದ್ದರೆ ಚಿಂತೆ ಇಲ್ಲ, ಐಸೊಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಹೋಗುತ್ತೆ.

ಮೀಟರ್ ಪರೀಕ್ಷೆಗೆ: ಬಿಸಿಲು ಬಿದ್ದ ಸುಣ್ಣದ ಗೋಡೆ, 200 ಐಎಸ್‌ಒ, ಎಫ್/8. ಅದೇ 50ನ್ನು ಡಿಜಿಟಲ್‌ಗೂ ಹಾಕಿ, ಅಷ್ಟೇ ಜಾಗ ಫ್ರೇಮಲ್ಲಿ ತುಂಬೋ ಹಾಗೆ ನಿಂತು, ಎರಡರ ಶಟರ್ ವೇಗ ಹೋಲಿಸಿ. ಅರ್ಧ ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ) ವ್ಯತ್ಯಾಸ ಇದ್ದರೆ ಏನೂ ಪರವಾಗಿಲ್ಲ. ಎರಡು ಸ್ಟಾಪ್ ಆದರೆ ಬೇರೆ ಬಾಡಿ ನೋಡಿ.