ಉಳಿದ ಆಂಟಿಬಯಾಟಿಕ್ ಮಾತ್ರೆ ಅಪ್ಪಯ್ಯನಿಗೆ ಕೊಡಬಹುದಾ? ಅನುಭವ ಇದ್ದವರು ಹೇಳಿ

ಶಿರಸಿ ಹತ್ತಿರದ ಹಳ್ಳಿ ನಮ್ಮದು. ಅಪ್ಪಯ್ಯನಿಗೆ 62 ವರ್ಷ. ಮೂರು ದಿನದಿಂದ ಜ್ವರ, ಮೈಕೈ ನೋವು. ಪೇಟೆಗೆ ಹೋಗೋಣ ಅಂದರೆ "ಕಷಾಯ ಕುಡಿದ್ರೆ ಹೋಗ್ತು" ಅನ್ನುತ್ತಾರೆ. ಹೋದ ವರ್ಷ ತಂಗಿಯ ಗಂಟಲು ನೋವಿಗೆ ತಂದ ಅಜಿತ್ರೋಮೈಸಿನ್ 500 ಎರಡು ಮಾತ್ರೆ ಉಳಿದಿದೆ, ಡೇಟ್ ಮುಗಿದಿಲ್ಲ. ಕೊಟ್ಟರೆ ಏನಾದರೂ ತೊಂದರೆ ಇದೆಯಾ?

ಸಿದ್ದಾಪುರದಿಂದ:
ಕೊಡಬೇಡಿ. ನಾನು ಇದೇ ತಪ್ಪು ಮಾಡಿದವ. ಎರಡು ವರ್ಷದ ಹಿಂದೆ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಜ್ವರ ಬಂತು, ಡ್ರಾವರಲ್ಲಿ ಸಿಕ್ಕಿದ ನಾಲ್ಕು ಅಮಾಕ್ಸಿಸಿಲಿನ್ ನುಂಗಿದೆ, ಜ್ವರ ಇಳಿದ ಹಾಗಾಯಿತು ಅಂತ ಮತ್ತೆ ತೋಟಕ್ಕೆ ಹೋದೆ. ಐದನೇ ದಿನ ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಜೀವ ಹೋಗುವಷ್ಟು ನೋವು, ಮೂತ್ರ ಕಡಿಮೆ. ಡಾಕ್ಟರು ಮೊದಲು ಕೇಳಿದ್ದು, ಬರಿಗಾಲಲ್ಲಿ ನೀರಲ್ಲಿ ನಿಂತಿದ್ದಿರಾ, ಕಾಲಲ್ಲಿ ಗಾಯ ಇದೆಯಾ ಅಂತ. ಇಲಿ ಜ್ವರ. ಇಲಿ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಸಾಕಂತೆ. ನನ್ನನ್ನು ಎಡ್ಮಿಟ್ ಮಾಡಿ ದಿನಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರು. ಅದೇ ವಾರ ಪಕ್ಕದ ಮನೆಯವನಿಗೂ ಅದೇ ಕಾಯಿಲೆ. ಅವನು ಎರಡನೇ ದಿನವೇ ಹೋಗಿದ್ದ, ಡಾಕ್ಸಿಸೈಕ್ಲಿನ್ 100 ದಿನಕ್ಕೆ ಎರಡರಂತೆ ಒಂದು ವಾರ ತಗೊಂಡು ಮನೆಯಲ್ಲೇ ಗುಣ ಆದ.

ನಮ್ಮ ಕಡೆಯ ಜ್ವರಗಳೆಲ್ಲ ಮೊದಲ ಮೂರು ದಿನ ಒಂದೇ ಥರ ಇರುತ್ತವೆ, ಅದೇ ಕಷ್ಟ. ಡೆಂಗ್ಯೂ ಆದರೆ ವೈರಸ್, ಯಾವ ಆಂಟಿಬಯಾಟಿಕ್ಕೂ ನಾಟುವುದಿಲ್ಲ. ಮಂಗನ ಕಾಯಿಲೆಯೂ ಅಷ್ಟೇ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡದ್ದು, ಅದು ಹೆಚ್ಚಾಗಿ ಬೇಸಿಗೆ ಕಡೆ ಅನ್ನಿ. ಕೊಳೆಗೆ ಹೊಡೆಯುವ ಬೋರ್ಡೋದಿಂದ ಬೇರುಹುಳ ಸಾಯುತ್ತದಾ? ಹಾಗೇ ಇದು. ಸ್ಕ್ರಬ್ ಟೈಫಸ್, ಅಂದರೆ ಪೊದೆಯ ಸಣ್ಣ ನುಸಿ ಕಚ್ಚಿ ಬರುವ ಜ್ವರ, ಅದಕ್ಕೆ ಡಾಕ್ಸಿ ಹಿಡಿಯುತ್ತದೆ, ಆದರೆ ಕಚ್ಚಿದ ಕಡೆ ಮೈಮೇಲೆ ಎಲ್ಲಾದರೂ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇದೆಯಾ ಅಂತ ಯಾರಾದರೂ ನೋಡಬೇಕಲ್ಲ. ತೊಡೆಸಂದು, ಕಂಕುಳು ಬಿಡದೆ ನೋಡಿ. ಡಾಕ್ಟರಿಗೆ ತೋರಿಸುವವರೆಗೆ ಪ್ಯಾರಾಸಿಟಮಾಲ್ ಸಾಕು. ನೋವಿನ ಮಾತ್ರೆ ಬೇರೆ ಯಾವುದೂ ಬೇಡ, ಡೆಂಗ್ಯೂ ಇದ್ದರೆ ರಕ್ತಸ್ರಾವ ಆಗಬಹುದು.

ಕುಮಟಾದಿಂದ, ಮೆಡಿಕಲ್ ಶಾಪಿನವ:
ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಮಾತು. ಎರಡು ಮಾತ್ರೆ ಕೊಟ್ಟು ಆಮೇಲೆ ರಕ್ತ ಕಲ್ಚರಿಗೆ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕೊಟ್ಟರೆ ರೋಗಾಣು ಸಿಗದೇ ಹೋಗಬಹುದು, ಆಗ ಡಾಕ್ಟರು ಕತ್ತಲಲ್ಲಿ ತಡಕಬೇಕು. ಕೊಟ್ಟಿದ್ದರೆ ಮುಚ್ಚಿಡಬೇಡಿ, ಸ್ಟ್ರಿಪ್ಪನ್ನೇ ತೋರಿಸಿ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ ನೋಡಿ, ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬಾರದು ಅಂತ ಅದರ ಅರ್ಥ. ನಾನು ಚೀಟಿ ಕೇಳಿದರೆ ಜನ ಮುಖ ಊದಿಸಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ, ಏನು ಮಾಡೋದು. ಡಾಕ್ಸಿ ಬರೆದುಕೊಟ್ಟರೆ ತುಂಬಾ ನೀರಿನ ಜೊತೆ ನುಂಗಿಸಿ, ಕೂಡಲೇ ಮಲಗಲು ಬಿಡಬೇಡಿ, ಅನ್ನನಾಳ ಸುಡುತ್ತದೆ. ಹಾಲು, ಆಸಿಡಿಟಿ ಔಷಧಿ, ಕಬ್ಬಿಣದ ಮಾತ್ರೆ ಜೊತೆಗೆ ಬೇಡ. ಪೆನ್ಸಿಲಿನ್ ಅಲರ್ಜಿ ಇದ್ದರೆ ಹೋದ ಕೂಡಲೇ ಹೇಳಿ.

ಕಾರವಾರದಿಂದ:
ಜ್ವರದ್ದಲ್ಲ, ಆದರೂ ಹೇಳುತ್ತೇನೆ. ನನಗೆ ಬಲೆ ಬಿಡಿಸುವಾಗ ಮೀನಿನ ಮುಳ್ಳು ಕೈಗೆ ಚುಚ್ಚಿತ್ತು. ಮನೆಯಲ್ಲಿದ್ದ ಯಾವುದೋ ಮಾತ್ರೆ ತಗೊಂಡೆ, ಮರುದಿನ ಮಣಿಕಟ್ಟಿನವರೆಗೆ ಬಾತಿತು. ಸಮುದ್ರದ ನೀರಿನ ಗಾಯ ಅಂತ ಮೊದಲೇ ಹೇಳಬೇಕಿತ್ತಂತೆ, ಅದರ ರೋಗಾಣುವೇ ಬೇರೆ, ಔಷಧಿಯೂ ಬೇರೆ. ಟಿಟಿ ಇಂಜೆಕ್ಷನ್ನೂ ಆಯಿತು. ಇನ್ನೊಮ್ಮೆ ಹೊಟ್ಟೆ ಕೆಟ್ಟಾಗ ಮೆಟ್ರೋನಿಡಜೋಲ್ ತಗೊಂಡ ಸಂಜೆಯೇ ಫೆನ್ನಿ ಕುಡಿದು ಏನೇನಾಯಿತು ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಅಂಕೋಲೆಯಿಂದ:
ನಮ್ಮ ಅತ್ತೆಗೆ ಟಿಬಿ ಆಗಿತ್ತು. ಆರು ತಿಂಗಳ ಔಷಧಿ, ಸರಕಾರದ್ದೇ, ದುಡ್ಡಿಲ್ಲ. ಶುರುವಾದ ವಾರ ಮೂತ್ರ ಕಿತ್ತಳೆ ಬಣ್ಣಕ್ಕೆ ಬಂತು, ರಕ್ತ ಅಂತ ಹೆದರಿ ಬಿಡಲು ಹೊರಟಿದ್ದರು. ರಿಫಾಂಪಿಸಿನ್ ಬಣ್ಣ ಅದು. ಎರಡು ತಿಂಗಳಿಗೆ ಕೆಮ್ಮು ಹೋಯಿತು, ತೂಕ ಬಂತು, ಮತ್ತೆ "ಇನ್ನೇಕೆ ಮಾತ್ರೆ" ಅಂತ ಶುರು. ನಡುವೆ ಬಿಟ್ಟರೆ ಉಳಿದ ರೋಗಾಣು ಅದೇ ಔಷಧಿಗೆ ಬಗ್ಗದ ಹಾಗಾಗುತ್ತದೆ, ಆಮೇಲೆ ಇನ್ನೂ ಕಷ್ಟದ ಔಷಧಿ ಬೇಕು ಅಂತ ಆಶಾ ಕಾರ್ಯಕರ್ತೆ ಮನೆಗೇ ಬಂದು ಕೂತು ಹೇಳಿದ ಮೇಲೆ ಒಪ್ಪಿದರು. ನಿಮ್ಮ ಅಪ್ಪಯ್ಯನಿಗೂ ಮನೆಯವರಿಗಿಂತ ಹೊರಗಿನವರು ಹೇಳಿದರೆ ನಾಟಬಹುದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕಪ್ಪು ಹಕ್ಕಳೆ ಎಲ್ಲೂ ಕಾಣಲಿಲ್ಲ, ಆದರೆ ಹಿಮ್ಮಡಿ ಒಡೆದಿದೆ, ಕಳೆದ ವಾರವೆಲ್ಲ ಬರಿಗಾಲಲ್ಲಿ ತೋಟದ ಕಾಲುವೆ ಬಿಡಿಸಿದ್ದಾರೆ. ಸಿದ್ದಾಪುರದವರು ಬರೆದದ್ದನ್ನು ಓದಿ ಹೇಳಿದೆ. "ಎಡ್ಮಿಟ್" ಅಂದದ್ದೇ ತಡ, ಎದ್ದು ಅಂಗಿ ಹಾಕಿಕೊಂಡರು. ಈಗ ಜೀಪಿಗೆ ಕಾಯುತ್ತಿದ್ದೇವೆ.